ಬಿಡುಗಡೆಯಾದರೂ ಬಿಡದ ಕಳಂಕ

ನ್ಯಾಯಾಲಯವು ನಿರ್ದೋಷಿಯೆಂದು ತೀರ್ಪಿತ್ತ ಮೇಲೂ ಒಬ್ಬ ಯುವಕನು ಸರ್ಕಾರದ ಸಚ್ಚಾರಿತ್ರ್ಯ ಪತ್ರವನ್ನು ಹಿಡಿದೇ ಕೆಲಸ ಬೇಡಬೇಕಾದರೆ, ಆ ತೀರ್ಪಿಗೆ ಉಳಿದ ಬೆಲೆಯೇನು? ಹೈದರಾಬಾದ್ ನಗರವು ಈ ಪ್ರಶ್ನೆಯನ್ನು ಕೇಳಿ ಹತ್ತು ವರ್ಷಗಳ ಮೇಲಾಯಿತು. ದೇಶ ಇನ್ನೂ ಉತ್ತರಿಸಿಲ್ಲ.

2007ರ ಮೇ 18ರಂದು ಅಲ್ಲಿನ ಮೆಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿಯಿತು. ಬಳಿಕ ಪೊಲೀಸರು ಹತ್ತಾರು ಮುಸ್ಲಿಂ ಯುವಕರನ್ನು ಹಿಡಿದೊಯ್ದರು. ಕೆಲವರು ತಿಂಗಳುಗಟ್ಟಲೆ ಸೆರೆಯಲ್ಲಿ ಕೊಳೆತು, ಕೊನೆಗೆ ಖುಲಾಸೆಯಾದರು. 2012ರ ಆರಂಭದಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರವು ಸೆರೆಮನೆ ಕಂಡವರಿಗೆ ತಲಾ 3 ಲಕ್ಷ, ಹಿಡಿದು ಬಿಟ್ಟವರಿಗೆ ತಲಾ 20 ಸಾವಿರ ರೂಪಾಯಿ ಪರಿಹಾರವನ್ನೂ, ಉದ್ಯೋಗಕ್ಕೆ ನೆರವಾಗಲೆಂದು ಸಚ್ಚಾರಿತ್ರ್ಯದ ಪ್ರಮಾಣಪತ್ರವನ್ನೂ ನೀಡಿತು. 2013ರಲ್ಲಿ ಹೈಕೋರ್ಟು ಪರಿಹಾರದ ಆದೇಶವನ್ನು ರದ್ದುಗೊಳಿಸಿತು; ಖುಲಾಸೆಯಾದ ಮಾತ್ರಕ್ಕೆ ಹಣ ಕೊಡಲು ಕಾನೂನಿನ ಆಧಾರವಿಲ್ಲವೆಂದಿತು. ಸರ್ಕಾರದ ದಯೆಯಿಂದ ಬಂದದ್ದು ಕಾನೂನಿನ ಆಸರೆಯಿಲ್ಲದೆ ನಿಲ್ಲಲಿಲ್ಲ. ದೋಷವಿರುವುದು ಆ ಆಸರೆಯ ಅಭಾವದಲ್ಲಿ.

ನಮ್ಮ ಕಾನೂನು ಈ ವಿಷಯದಲ್ಲಿ ಅರ್ಧ ದಾರಿಯಲ್ಲೇ ನಿಂತಿದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು, ಘೋರ ಅಪರಾಧಗಳ ಕೆಲವು ಪ್ರಸಂಗಗಳನ್ನು ಬಿಟ್ಟರೆ, ಮಕ್ಕಳ ದಾಖಲೆಯನ್ನು ಅಳಿಸಲು ಹೇಳುತ್ತದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಮು ಶಿಕ್ಷೆಗೆ ಅಂಟಿಬರುವ ಅನರ್ಹತೆಯನ್ನು ತೆಗೆಯುತ್ತದೆ, ಆದರೆ ದಾಖಲೆಯನ್ನು ಅಳಿಸುವುದಿಲ್ಲ. ಹದಿನೆಂಟು ದಾಟಿದವನ ದಾಖಲೆಯನ್ನು ಕಾಲಾನಂತರದಲ್ಲಿ ಮುಚ್ಚುವ ಸಾಮಾನ್ಯ ಕಾಯ್ದೆ ಭಾರತದಲ್ಲಿಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೂ ಉದ್ಯೋಗದಾತರು ಮನ್ನಿಸಬಹುದೆಂದಿತು. ಆದರೆ ಸತ್ಯ ನುಡಿದವನನ್ನೂ ನೇಮಿಸಲೇಬೇಕೆಂದು ಅವರನ್ನು ಬಲವಂತಪಡಿಸಲಾಗದೆಂದೂ ಹೇಳಿತು. ಇತ್ತ ನ್ಯಾಯಾಲಯಗಳ ಕಡತಗಳು ಅಂತರ್ಜಾಲಕ್ಕೇರಿವೆ. ಹೆಸರು ಹುಡುಕಿದರೆ ಆರೋಪ ಮೊದಲು ಸಿಗುತ್ತದೆ. ಖುಲಾಸೆಯನ್ನು ಓದುವಷ್ಟು ತಾಳ್ಮೆ ಯಾರಿಗಿದೆ?

ಈಗ ನಮ್ಮ ಶಾಸಕರ ಕಡೆ ನೋಡಿ. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 8ನೇ ಕಲಮಿನಂತೆ, ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಪಡೆದವನೂ ಬಿಡುಗಡೆಯಾಗಿ ಆರು ವರ್ಷ ಕಳೆದರೆ ಚುನಾವಣೆಗೆ ನಿಲ್ಲಬಹುದು. ವಿಚಾರಣೆ ನಡೆಯುತ್ತಿರುವವನಿಗಂತೂ ತಡೆಯೇ ಇಲ್ಲ. ಕಾನೂನು ಮಾಡುವವನಿಗೆ ಮರೆವಿನ ಅವಧಿಯುಂಟು. ಕಾವಲುಗಾರನ ಕೆಲಸ ಕೇಳುವವನಿಗಿಲ್ಲ! ಇದಕ್ಕಿಂತ ನಿರ್ಲಜ್ಜವಾದ ಪಕ್ಷಪಾತವುಂಟೆ?

ಸಮಾಜದ ಸುರಕ್ಷೆಯ ಗತಿಯೇನೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬ್ರಿಟನ್ನು 1974ರಲ್ಲೇ ಇದಕ್ಕೆ ದಾರಿ ಕಂಡಿತು: ನಿಗದಿತ ಅವಧಿ ಮುಗಿದ ಮೇಲೆ ಹಲವು ಶಿಕ್ಷೆಗಳನ್ನು ಕಳೆದುಹೋದವೆಂದೇ ಎಣಿಸಬೇಕು, ದೀರ್ಘ ಸೆರೆವಾಸದ ಅಪರಾಧಗಳಿಗೂ ಮಕ್ಕಳ ಸಂಪರ್ಕದ ಕೆಲಸಗಳಿಗೂ ವಿನಾಯಿತಿಯಿದೆ. ವಂಚನೆಗೆ ಶಿಕ್ಷೆಗೊಳಗಾದವನನ್ನು ತಿಜೋರಿಯ ಬಳಿ ಕೂರಿಸಬೇಕೆಂದು ಯಾರೂ ಹೇಳುತ್ತಿಲ್ಲ. ಬೀದಿ ಜಗಳದ ಹಳೆಯ ಕಾಗದವೊಂದು ಅವನಿಗೆ ಲಾರಿಯ ಚುಕ್ಕಾಣಿಯನ್ನೂ ತಪ್ಪಿಸಬಾರದೆಂಬುದಷ್ಟೇ ನಮ್ಮ ವಾದ. ದುಡಿಮೆಯ ಬಾಗಿಲು ಮುಚ್ಚಿದರೆ ತೆರೆದುಕೊಳ್ಳುವುದು ಯಾವ ಬಾಗಿಲೆಂದು ಬೇರೆ ಹೇಳಬೇಕೆ?

ಬಂಧುಗಳೇ, ಮಾತು ಇಲ್ಲಿ ನಮ್ಮ ಅಂಗಡಿ, ಕಚೇರಿ, ಕಾರ್ಖಾನೆಗಳಿಗೂ ಬರುತ್ತದೆ. ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಎಣಿಸಿ, ಕೊನೆಯಲ್ಲಿ ಉಪಸ್ಥಾಪನೆಯನ್ನು ಇಟ್ಟಿದೆ; ಅಂದರೆ ತಪ್ಪಿದವನನ್ನು ಮತ್ತೆ ಸ್ಥಾನದಲ್ಲಿ ನಿಲ್ಲಿಸುವುದು. ಪ್ರಾಯಶ್ಚಿತ್ತದ ಮುಕ್ತಾಯ ಬಹಿಷ್ಕಾರವಲ್ಲ. ತಪ್ಪನ್ನೇ ಮಾಡದೆ ಖುಲಾಸೆಯಾದವನಿಗಂತೂ ಕ್ಷಮೆಯ ಪ್ರಶ್ನೆಯೇ ಏಳದು. ಅವನಿಗೆ ಸಲ್ಲಬೇಕಾದದ್ದು ನ್ಯಾಯ. ಕ್ಷಮಾವಣಿಯ ದಿನ ಎಲ್ಲ ಜೀವಿಗಳಲ್ಲೂ ಕ್ಷಮೆ ಕೋರಿ, ಮರುದಿನ ಅರ್ಜಿ ನಮೂನೆಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ?’ ಎಂದು ಕೇಳಿ, ಹೌದೆಂದವನನ್ನು ಹೊರಗಟ್ಟುವುದು ಯಾವ ಧರ್ಮ?

ಬೇಡಿಕೆ ಮೂರು. ಖುಲಾಸೆಯಾದ ಪ್ರಕರಣ ಪೊಲೀಸ್ ಪರಿಶೀಲನಾ ವರದಿಯಿಂದ ತಾನಾಗಿಯೇ ಬಿದ್ದುಹೋಗಲಿ. ಲಘು ಅಪರಾಧದ ಶಿಕ್ಷೆಗೆ ಕಾಲಮಿತಿ ಹಾಕುವ ಕಾಯ್ದೆಯನ್ನು ಸಂಸತ್ತು ತರಲಿ. ಕಾಯ್ದೆ ಬರುವವರೆಗೆ ಕಾಯದೆ, ನಮ್ಮ ಸಂಸ್ಥೆಗಳ ಅರ್ಜಿ ನಮೂನೆಯಿಂದ ಆ ಪ್ರಶ್ನೆಯನ್ನು ನಾವೇ ತೆಗೆಯೋಣ. ಕೆಲಸಕ್ಕೆ ನೇರ ಸಂಬಂಧವಿರುವ ಶಿಕ್ಷೆಯನ್ನು ಮಾತ್ರ ವಿಚಾರಿಸೋಣ. ಮೊದಲಿನೆರಡಕ್ಕೆ ದೆಹಲಿ ಮನಸ್ಸು ಮಾಡಬೇಕು. ಮೂರನೆಯದಕ್ಕೆ ನಮ್ಮ ಪೇನಾದ ಒಂದು ಗೀಟು ಸಾಕು.