ಕೊನೆ ಬಸ್ ಹೋದ ಮೇಲೆ ನಡೆಯುವ ಸಭೆಗೆ ಹಳ್ಳಿಯವರೂ ಸೇರಲಿ

ರೋಟರಿ, ಲಯನ್ಸ್ ಕ್ಲಬ್ಬುಗಳ ಹೆಸರು ನೋಡದವರು ನಮ್ಮ ಕಡೆ ಕಡಿಮೆ. ಬಸ್ ತಂಗುದಾಣದ ಗೋಡೆ ಮೇಲೆ, ಸರ್ಕಾರಿ ಶಾಲೆಯ ನೀರಿನ ಟ್ಯಾಂಕ್ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ 'ಕೊಡುಗೆ' ಎಂದು ಬರೆದಿರುತ್ತದೆ. ಕಣ್ಣಿನ ಶಿಬಿರ, ರಕ್ತದಾನ, ನೋಟ್ ಪುಸ್ತಕ ವಿತರಣೆ ಎಲ್ಲಕ್ಕೂ ಇವರು ಮುಂದೆ ಬರುತ್ತಾರೆ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಕಾರ್ಯಕ್ರಮಗಳ ಫೋಟೊ ಸ್ವಲ್ಪ ಗಮನಿಸಿ. ವರದಿಗಾರನಾದ್ದರಿಂದ ನನ್ನ ವಾಟ್ಸ್ಆ್ಯಪ್‌ಗೆ ಇಂಥವು ಬರುತ್ತಲೇ ಇರುತ್ತವೆ. ಕೊಡುವ ಕಡೆ ನಿಂತವರು ಡಾಕ್ಟರು, ವಕೀಲರು, ಅಂಗಡಿ ಮಾಲೀಕರು, ಉಪನ್ಯಾಸಕರು. ತೆಗೆದುಕೊಳ್ಳುವ ಕಡೆ ನಿಂತವರು ಹಳ್ಳಿಯ ಮಕ್ಕಳು, ಮುದುಕರು. ಕೊಡುವ ಕಡೆ ಹಳ್ಳಿಯವರು ಯಾಕಿಲ್ಲ?

ಸೇವಾ ಮನೋಭಾವ ಇಲ್ಲ ಅಂತಲ್ಲ. ಸಾವಿನ ಮನೆಗೆ ಅಕ್ಕಪಕ್ಕದವರೇ ಅಡುಗೆ ಮಾಡಿ ಕಳಿಸುವ, ಜಾತ್ರೆಯಲ್ಲಿ ಸಾವಿರಾರು ಜನರಿಗೆ ಊಟ ಬಡಿಸುವ ಊರುಗಳು ನಮ್ಮವು. ಅಡ್ಡಿ ಇರುವುದು ಬೇರೆ ಕಡೆ. ಕ್ಲಬ್ಬಿನ ಸಭೆ ನಡೆಯುವುದು ಪೇಟೆಯ ಹೋಟೆಲ್ ಹಾಲ್‌ನಲ್ಲಿ, ಸಂಜೆ ಏಳೂವರೆಗೋ ಎಂಟಕ್ಕೋ. ನಮ್ಮೂರಿನ ಕೊನೆ ಬಸ್ ಅಷ್ಟು ಹೊತ್ತಿಗೆ ಹೊರಟಿರುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಬಸ್ಸೇ ಇಲ್ಲದ ಹೊತ್ತಲ್ಲಿ ಟಿಕೆಟ್ ಉಚಿತವಾದರೇನು? ಹಾಲು ಕರೆದು ಡೇರಿಗೆ ಹಾಕಿ, ಮಕ್ಕಳಿಗೆ ಊಟ ಮಾಡಿಸುವ ಹೊತ್ತಿನಲ್ಲಿ ಪೇಟೆಗೆ ಹೋಗುವವರು ಯಾರು?

ಇಲ್ಲಿ ಆನ್‌ಲೈನ್ ಸದಸ್ಯತ್ವದ ಮಾತು ಬರುತ್ತದೆ. ಇದು ಕೊರೊನಾ ಕಾಲದಲ್ಲಿ ಹುಟ್ಟಿದ್ದು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ರೋಟರಿಯಲ್ಲಿ ಇ-ಕ್ಲಬ್ಬುಗಳ ಪ್ರಯೋಗ ಅದಕ್ಕೂ ಎಷ್ಟೋ ಮೊದಲು ನಡೆದು 2010ರಲ್ಲಿ ಕಾಯಂ ಆಯಿತು. 2016ರಲ್ಲಿ ನಿಯಮ ಇನ್ನೂ ಸಡಿಲವಾಯಿತು. ವಾರಕ್ಕೊಮ್ಮೆ ಸೇರಲೇಬೇಕೆಂಬ ಕಟ್ಟು ಹೋಯಿತು, ತಿಂಗಳಿಗೆ ಎರಡು ಸಲ ಸೇರಿದರೆ ಸಾಕು. ಎದುರುಬದುರು ಕೂತು ಸೇರಬಹುದು, ಆನ್‌ಲೈನ್‌ನಲ್ಲಿ ಸೇರಬಹುದು, ಅರ್ಧ ಜನ ಹಾಲ್‌ನಲ್ಲಿ ಅರ್ಧ ಜನ ಫೋನಿನಲ್ಲಿ ಇದ್ದರೂ ನಡೆಯುತ್ತದೆ. ಸದಸ್ಯತ್ವದಲ್ಲಿ ಹೊಸ ಬಗೆಗಳನ್ನು ಮಾಡಿಕೊಳ್ಳಲೂ ಕ್ಲಬ್ಬಿಗೆ ಅವಕಾಶ ಸಿಕ್ಕಿತು. ಅಂದರೆ ಬಾಗಿಲಿಗೆ ಬೀಗ ಇಲ್ಲ, ತಳ್ಳುವವರು ಬೇಕು.

'ಮುಖ ನೋಡದೆ ಎಂಥ ಸ್ನೇಹ, ಎಂಥ ಕ್ಲಬ್ಬು' ಎಂದು ಹಿರಿಯ ಸದಸ್ಯರು ಕೇಳುತ್ತಾರೆ. ಅವರಿಗೆ ಅವರ ಚರಿತ್ರೆಯನ್ನೇ ನೆನಪಿಸಬಹುದು. 1905ರಲ್ಲಿ ಶಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಸ್ನೇಹಿತರು ಸೇರಿ ಇದನ್ನು ಶುರು ಮಾಡಿದಾಗ, ಸರದಿ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದರು. ಆ ಸರದಿಯಿಂದಲೇ ರೋಟರಿ ಎಂಬ ಹೆಸರು ಬಂತು. ಸಭೆಯ ಜಾಗ ಮೊದಲಿಂದಲೂ ಸದಸ್ಯರ ಅನುಕೂಲಕ್ಕೆ ತಕ್ಕಂತೆ ತಿರುಗಿದ್ದೇ. ಇನ್ನೊಂದು ಮಾತು. 1989ರವರೆಗೆ ರೋಟರಿಯ ನಿಯಮದಲ್ಲಿ ಸದಸ್ಯತ್ವ ಗಂಡಸರಿಗೆ ಮಾತ್ರ ಇತ್ತು. ಆ ಗೋಡೆ ಬಿದ್ದಿದ್ದರಿಂದ ಕ್ಲಬ್ಬುಗಳೇನೂ ಮುಳುಗಲಿಲ್ಲ. ಪೇಟೆ ಮತ್ತು ಹಳ್ಳಿ ನಡುವಿನ ಗೋಡೆಯೂ ಹಾಗೆ ಬೀಳಲಿ.

ಹಳ್ಳಿಯವರು ಸದಸ್ಯರಾದರೆ ಲಾಭ ಹಳ್ಳಿಗಷ್ಟೇ ಅಲ್ಲ, ಕ್ಲಬ್ಬಿಗೂ ಇದೆ. ಕಣ್ಣಿನ ಶಿಬಿರವನ್ನೇ ತೆಗೆದುಕೊಳ್ಳಿ. ರಾಗಿ ಕೊಯ್ಲಿನ ವಾರದಲ್ಲಿ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ ಎಂದು ಹೇಳುವವರು ಸಭೆಯಲ್ಲಿ ಒಬ್ಬರಾದರೂ ಇರಬೇಕಲ್ಲ? ಪೊರೆ ಆಪರೇಷನ್ ಆದ ಅಜ್ಜಿಗೆ ಕೆಲವು ವಾರ ಔಷಧದ ಹನಿ ಹಾಕಬೇಕು, ಕಣ್ಣಿಗೆ ನೀರು ತಾಗದಂತೆ, ಧೂಳು ಬೀಳದಂತೆ ನೋಡಿಕೊಳ್ಳಬೇಕು, ಮತ್ತೆ ತೋರಿಸಲು ಕರೆದುಕೊಂಡು ಹೋಗಬೇಕು. ಶಿಬಿರದ ಬ್ಯಾನರ್ ಬಿಚ್ಚಿದ ಮೇಲೆ ಇದನ್ನೆಲ್ಲ ನೋಡುವವರು ಯಾರು? ಅದೇ ಬೀದಿಯಲ್ಲಿರುವ ಸದಸ್ಯೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಹುಡುಗನೂ ಅದೇ ಕ್ಲಬ್ಬಿನ ಆನ್‌ಲೈನ್ ಸದಸ್ಯನಾಗಿದ್ದರೆ, ಆಸ್ಪತ್ರೆಗೆ ಫೋನ್ ಮಾಡುವುದು, ಅರ್ಜಿ ತುಂಬುವುದು, ದುಡ್ಡು ಹೊಂದಿಸುವುದು ಅವನಿಂದ ಆಗುತ್ತದೆ. ಊರಲ್ಲಿರುವವರು, ಊರು ಬಿಟ್ಟವರು ಒಂದೇ ಸಭೆಯಲ್ಲಿ ಕೂರುವಂತೆ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ.

ಹಾಗೆಂದು ಆನ್‌ಲೈನ್ ಎಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನೆಗೆ ಕೈ ಹಾಕಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ದುಡಿದ ಮೇಲೆ ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಆ ಎರಡು ಹನಿ ಮಗುವಿನ ಬಾಯಿಗೆ ಬಿದ್ದಿದ್ದು ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಸ್ವಯಂಸೇವಕರು ಮನೆಮನೆ ತಿರುಗಿದ್ದರಿಂದ. ಫೋನಿನಲ್ಲಿ ಹಾಜರಿ ಹಾಕಿ, ಗ್ರೂಪಿನಲ್ಲಿ ಶುಭೋದಯ ಕಳಿಸಿದರೆ ಸೇವೆ ಆಗುವುದಿಲ್ಲ. ಸಭೆ ಫೋನಿನಲ್ಲಿ ನಡೆಯಲಿ, ಕೆಲಸ ಊರಿನಲ್ಲೇ ನಡೆಯಬೇಕು.

ದುಡ್ಡಿನ ವಿಚಾರವೂ ಇದೆ. ಅಂತರರಾಷ್ಟ್ರೀಯ ಕಚೇರಿಗೆ ಹೋಗುವ ಶುಲ್ಕ ಡಾಲರ್ ಲೆಕ್ಕದ್ದು. ಅದರ ಮೇಲೆ ಜಿಲ್ಲೆಯ ಪಾಲು, ಕ್ಲಬ್ಬಿನ ಪಾಲು. ಆನ್‌ಲೈನ್ ಆದರೆ ಊಟ, ಹಾಲ್ ಬಾಡಿಗೆ ಉಳಿಯುತ್ತದೆ, ಉಳಿದದ್ದು ಉಳಿಯುವುದಿಲ್ಲ. ಕೂಲಿ ಮಾಡುವ ಮನೆಗೆ ಇದು ಭಾರ. ಭಾಷೆಯ ವಿಚಾರವೂ ಅಷ್ಟೇ. ಪಕ್ಕದೂರಿನ ಕೆರೆ ಬಗ್ಗೆ ಮಾತಾಡುವ ಸಭೆಗೆ ಇಂಗ್ಲಿಷ್ ಯಾಕೆ ಬೇಕು? ಇನ್ನು ಫೋನ್. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಸಾಮಾನ್ಯವಾಗಿ ಯಜಮಾನರ ಜೇಬಿನಲ್ಲಿರುತ್ತದೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಊರುಗಳು ಮಲೆನಾಡಿನಲ್ಲಿ ಇವತ್ತಿಗೂ ಇವೆ.

ಹಾಗಾಗಿ ನಮ್ಮ ಕಡೆಯ ಕ್ಲಬ್ಬುಗಳಿಗೆ ನಾನು ಹೇಳುವುದಿಷ್ಟು. ತಿಂಗಳ ಎರಡು ಸಭೆಗಳಲ್ಲಿ ಒಂದು ಆನ್‌ಲೈನ್‌ನಲ್ಲಿ, ಕನ್ನಡದಲ್ಲಿ, ಹಾಲಿನ ಕೆಲಸ ಮುಗಿದ ಮೇಲೆ ನಡೆಯಲಿ. ಇನ್ನೊಂದು ಪೇಟೆ ಬಿಟ್ಟು ಯಾವುದಾದರೂ ಹಳ್ಳಿಯ ಶಾಲೆಯಲ್ಲಿ, ಹಗಲು ಹೊತ್ತಿನಲ್ಲಿ ನಡೆಯಲಿ. ಪಂಚಾಯಿತಿಯ ಗ್ರಂಥಾಲಯದಲ್ಲೋ ಡೇರಿಯಲ್ಲೋ ನಾಲ್ಕೈದು ಜನ ಒಂದೇ ಫೋನಿನ ಮುಂದೆ ಕೂತು ಸೇರಿದರೂ ಹಾಜರಿ ಹಾಕಿಕೊಳ್ಳಿ. ಸಭೆಗೆ ಬಂದದ್ದಕ್ಕಿಂತ ಕೆಲಸಕ್ಕೆ ಬಂದದ್ದನ್ನು ಹೆಚ್ಚು ಲೆಕ್ಕಕ್ಕೆ ಹಿಡಿಯಿರಿ. ಹಳ್ಳಿಯ ಇಬ್ಬರು ಮೂವರ ಶುಲ್ಕವನ್ನು ಕ್ಲಬ್ಬೇ ಭರಿಸಲಿ. ಒಂದು ಸನ್ಮಾನ ಸಮಾರಂಭದ ಹಾರ, ಶಾಲು, ಫ್ಲೆಕ್ಸ್ ಖರ್ಚು ಉಳಿಸಿದರೆ ಇದಕ್ಕೆ ದಾರಿಯಾಗುತ್ತದೆ.

'ಹಳ್ಳಿಯವರಿಗೆ ರೋಟರಿ ಸಮುದಾಯ ದಳ ಇದೆಯಲ್ಲ' ಎಂದು ಕೆಲವರು ಹೇಳಬಹುದು. ಇದೆ. 1986ರಲ್ಲಿ ಗ್ರಾಮ ದಳ ಎಂಬ ಹೆಸರಲ್ಲೇ ಅದು ಶುರುವಾದದ್ದು. ಕರಾವಳಿ ಕಡೆ ಇಂಥ ದಳಗಳ ಕೆಲಸ ನೋಡಲು ಸಿಗುತ್ತದೆ. ಆದರೆ ದಳದವರು ಕ್ಲಬ್ಬಿನ ಸದಸ್ಯರಲ್ಲ, ಅಲ್ಲಿ ಅವರಿಗೆ ಮತ ಇಲ್ಲ. ದುಡಿಯಲು ಹಳ್ಳಿಯವರು, ತೀರ್ಮಾನಕ್ಕೆ ಪೇಟೆಯವರು ಎಂದಾಗಬಾರದು.

ಓದುಗರಿಗೂ ಒಂದು ಮಾತು. ಯಾರಾದರೂ 'ಮನೆಯಲ್ಲೇ ಕೂತು ಸದಸ್ಯರಾಗಿ' ಎಂದು ಲಿಂಕ್ ಕಳಿಸಿದರೆ ಕೂಡಲೇ ದುಡ್ಡು ಹಾಕಬೇಡಿ. ಮೊದಲು ಮೂರು ಪ್ರಶ್ನೆ ಕೇಳಿ. ವರ್ಷಕ್ಕೆ ಒಟ್ಟು ಎಷ್ಟು ಖರ್ಚು, ರಸೀದಿ ಯಾರ ಹೆಸರಲ್ಲಿ? ನನಗೆ ಮತ ಹಾಕುವ, ಪದಾಧಿಕಾರಿಯಾಗುವ ಹಕ್ಕು ಇದೆಯಾ? ನಮ್ಮೂರಿನ ಒಂದು ಕೆಲಸವನ್ನು ನಾನು ಸಭೆಯ ಮುಂದೆ ಇಡಬಹುದಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಸೇರಿ. ಮೊದಲ ಸಭೆಯಲ್ಲೇ ಊರಿನ ಆ ಕೆಲಸದ ಹೆಸರು ಹೇಳಿ.