ಖಾಲಿ ಗಾಡಾದ ಗಾಲಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯಲ್ಲಿ ‘ಖಾಲಿ ಗಾಡಾ ಓಡಿಸುವ ಸ್ಪರ್ಧೆ’ ಅಂತ ಬ್ಯಾನರ್ ಬಿದ್ದರೆ ಸುತ್ತಲಿನ ಹಳ್ಳಿಗಳ ಜನ ಹೊಲದ ಬದುವಿನುದ್ದಕ್ಕೂ ನೆರೆಯುತ್ತಾರೆ. ಭಾರವಿಲ್ಲದ ಚಕ್ಕಡಿ, ಒಂದು ಜೋಡಿ ಎತ್ತು, ಒಂದು ನಿಮಿಷ. ಅಷ್ಟರಲ್ಲಿ ಯಾರ ಜೋಡಿ ಹೆಚ್ಚು ದೂರ ಓಡಿತೋ ಅವರದು ಗೆಲುವು. ಈ ಸ್ಪರ್ಧೆಗಾಗಿ ಹಿತ್ತಲಲ್ಲಿ ಬಿದ್ದಿದ್ದ ಅಜ್ಜನ ಕಾಲದ ಚಕ್ಕಡಿಯನ್ನು ಬಿಚ್ಚಿ, ಕೆತ್ತಿ, ಮತ್ತೆ ಕಟ್ಟುವವರಿದ್ದಾರೆ. ಈ ಸೀಮೆಗೆ ಅದೇ ಹಳೆಯ ಸ್ಪೋರ್ಟ್ಸ್ ಕಾರು ಎಂದು ನಾನು ತಿಳಿದಿದ್ದೇನೆ.

ಕಾರನ್ನು ಮನೆಯ ಶೆಡ್ಡಿನಲ್ಲೇ ಕಟ್ಟುವ ಹವ್ಯಾಸ ಇಂಗ್ಲೆಂಡಿನಲ್ಲಿ ಆಳವಾಗಿ ಬೇರುಬಿಟ್ಟಿದೆ. ಲೋಟಸ್ ಕಂಪನಿ 1957ರಲ್ಲಿ ತಂದ ‘ಸೆವೆನ್’ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿತ್ತು. ಹಾಗೆ ಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು, ಜೋಡಿಸುವ ಕೆಲಸ ಕೊಂಡವನ ಪಾಲಿಗೆ. ಮಾರ್ಗನ್ ಕಾರುಗಳ ಮೈಯೊಳಗೆ ಇಂದಿಗೂ ಆ್ಯಷ್ ಮರದ ಚೌಕಟ್ಟಿದೆ. ಬೇಡದ್ದನ್ನು ಕಳೆದು ಹಗುರ ಮಾಡುವುದು, ತೂಕ ಎಲ್ಲಿ ಬೀಳುತ್ತದೆಂದು ನೋಡುವುದು, ಇವೆರಡೇ ಆ ವಿದ್ಯೆಯ ಜೀವಾಳ. ನಮ್ಮ ಬಡಿಗೇರರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಧಾರವಾಡ ಜಿಲ್ಲೆಯೊಳಗೇ ಅವರಿಗೆ ಬೇಕಾದ ಕಟ್ಟಿಗೆ ಇತ್ತು. ಬಯಲಿನ ಎರೆಹೊಲದ ಬದುಗಳಲ್ಲಿ ಕರಿಜಾಲಿ. ಮಲೆನಾಡಿನ ಸೆರಗಾದ ಕಲಘಟಗಿಯ ಕಡೆ ಸಾಗವಾನಿ, ಮತ್ತಿ, ಹೊನ್ನೆ, ದಿಂಡಿಗ. ಗಾಲಿಗೆ ಜಾಲಿಯೇ ಬೇಕು ಅನ್ನುವುದಕ್ಕೆ ಕಾರಣವಿದೆ: ಅದು ಬಿರುಸು, ಪೆಟ್ಟು ತಿಂದರೂ ಸುಲಭಕ್ಕೆ ಸೀಳುವುದಿಲ್ಲ.

ಗಾಡಾ ದುರಸ್ತಿಯ ನಿಜವಾದ ಪರೀಕ್ಷೆ ಗಾಲಿಯಲ್ಲೇ. ಗುಂಬ, ಅದರಿಂದ ಹೊರಟ ಅರಗಳು, ಅರಗಳ ತುದಿ ಹಿಡಿದ ಬಾಗಿದ ಮರದ ತುಂಡುಗಳು, ಎಲ್ಲವನ್ನೂ ಬಿಗಿದಿಡುವ ಕಬ್ಬಿಣದ ಹಳಿ. 5 ಅಡಿ ಎತ್ತರದ ಗಾಲಿಯ ಸುತ್ತಳತೆ ಹೆಚ್ಚುಕಡಿಮೆ 15 ಮುಕ್ಕಾಲು ಅಡಿ. ಕಮ್ಮಾರರು ಹಳಿಯನ್ನು ಆ ಅಳತೆಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದು 400 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುತ್ತಳತೆ 2 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂಡಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಆರಿದ ಹಳಿ ಕುಗ್ಗುತ್ತ ಅರಗಳನ್ನೆಲ್ಲ ಗುಂಬದೊಳಕ್ಕೆ ಒತ್ತುತ್ತದೆ. ಹಳಿ ತೀರ ಚಿಕ್ಕದಾದರೆ ಅರ ಮುರಿಯುತ್ತದೆ, ದೊಡ್ಡದಾದರೆ ದಾರಿಯಲ್ಲಿ ಕಳಚುತ್ತದೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದಾಗ ಗಾಲಿಯನ್ನು ಹಳ್ಳದಲ್ಲಿ ನೆನೆಹಾಕುವ ರೂಢಿಯಿದೆ. ಉಬ್ಬಿದ ಕಟ್ಟಿಗೆ ಕೆಲ ದಿನ ಬಿಗಿಯಾಗಿ ನಿಲ್ಲುತ್ತದೆ, ಅಷ್ಟೆ. ಓಟಕ್ಕಿಳಿಯುವ ಗಾಡಾಕ್ಕೆ ಅದು ಸಾಲದು. ಹಳಿ ಬಿಚ್ಚಿ, ತುಂಡು ಕತ್ತರಿಸಿ, ಬೆಸೆದು, ಮತ್ತೆ ಕಾಯಿಸಿ ಏರಿಸಬೇಕು.

ಎರೆಮಣ್ಣು ಹಸಿಯಾದಾಗ ಗಾಲಿಯನ್ನು ಹೇಗೆ ಹಿಡಿಯುತ್ತದೆಂದು ಇಲ್ಲಿನ ರೈತರಿಗೆ ಗೊತ್ತು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಮುಗಿಸಿದ ಪಂಪನ ತಾಯಿಯ ತವರು ಅಣ್ಣಿಗೇರಿ. ನೆಲ ನುಂಗಿದ ಗಾಲಿಯೊಂದಿಗೆ ನಿಂತ ಕರ್ಣನನ್ನು ಅವನು ಅಷ್ಟು ಪ್ರೀತಿಯಿಂದ ಚಿತ್ರಿಸಿದ್ದನ್ನು ಈ ಸೀಮೆಯಲ್ಲಿ ಕೂತು ಓದುವಾಗ ನನಗೆ ಮಳೆಗಾಲದ ಹೊಲದ ದಾರಿಯೇ ಕಣ್ಣಿಗೆ ಬರುತ್ತದೆ.

ಗಾಲಿಯಷ್ಟೇ ಮುಖ್ಯ ಅಚ್ಚಿನ ಜಾಗ. ಎರಡು ಗಾಲಿಯ ಬಂಡಿಯಲ್ಲಿ ತೂಕ ಮುಂದಕ್ಕೆ ವಾಲಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ವಾಲಿದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ 1979ರಲ್ಲಿ ಎರಡು ಗಾಲಿಯ ಎತ್ತಿನಗಾಡಿಯ ಯಂತ್ರಶಾಸ್ತ್ರವನ್ನೇ ಬಿಡಿಸಿ ಬರೆದರು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಹೆಗಲು ಉಳಿಸುವ ಒಳ್ಳೆಯ ಬಂಡಿಗಾಗಿ, ಒಳ್ಳೆಯ ನೊಗಕ್ಕಾಗಿ ವರ್ಷಗಟ್ಟಲೆ ವಾದಿಸಿದರು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರೊಬ್ಬರು ಬಂಡಿಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡದ್ದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ.

ಆದ್ದರಿಂದ ಹಳೆಯ ಗಾಡಾಕ್ಕೆ ಹೊಸತನ್ನು ಸೇರಿಸುವಾಗ ಎತ್ತಿನ ಹೆಗಲೇ ಅಳತೆಗೋಲಾಗಬೇಕು. ಗುಂಬದೊಳಗೆ ಬೇರಿಂಗ್ ಕೂಡಿಸಿದರೆ ತಿಕ್ಕಾಟ ಇಳಿಯುತ್ತದೆ, ಕೀಲೆಣ್ಣೆ ಒಣಗಿದಾಗಿನ ಕಿರುಚಾಟ ತಪ್ಪುತ್ತದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೂಕಿಯ ಮರ ತೆಗೆದು ಕಬ್ಬಿಣದ ಪೈಪು ಬೆಸೆಯುವುದನ್ನು ಒಪ್ಪಲಾರೆ. ಮರ ತಾನು ತುಸು ಬಾಗಿ ಕುಲುಕಾಟವನ್ನು ನುಂಗಿಕೊಳ್ಳುತ್ತದೆ, ಪೈಪು ಅದನ್ನು ನೇರ ನೊಗಕ್ಕೆ ದಾಟಿಸುತ್ತದೆ. ಇನ್ನು ಗಾಲಿಗೆ ವಾರ್ನಿಷ್ ಹೊಡೆದು ರೆಸಾರ್ಟಿನ ಗೇಟಿಗೆ ಆನಿಸುವುದಂತೂ ದುರಸ್ತಿಯೇ ಅಲ್ಲ. ಉರುಳದ ಗಾಲಿಯನ್ನು ಉಳಿಸಿದೆವು ಎನ್ನಲಾಗದು.

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟಿನ ಜತೆ ಗಾಡಿ ಓಟಗಳನ್ನೂ ತಡೆದಿತ್ತು. ಕರ್ನಾಟಕ 2017ರ ತಿದ್ದುಪಡಿಯಲ್ಲಿ ಕಂಬಳದೊಂದಿಗೆ ಎತ್ತಿನಗಾಡಿ ಓಟವನ್ನೂ ಸೇರಿಸಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಹಿಂಸೆ ಇರಕೂಡದು ಎಂಬ ಹೊಣೆ ಈಗ ಸ್ಪರ್ಧೆ ನಡೆಸುವವರ ಮೇಲಿದೆ. ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಬಂದಮೇಲೆ ಬಡಿಗೇರ, ಕಮ್ಮಾರರಿಗೆ ಗಾಲಿಯ ಕೆಲಸ ಸಿಗುವುದು ಹೆಚ್ಚಾಗಿ ಇಂಥ ಓಟಗಳಿಂದ, ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋಗುವ ಚಕ್ಕಡಿಗಳಿಂದ. ಎತ್ತು ಸಾಕಿದವರಿಗೆ ಬಹುಮಾನ ಕೊಡುವ ಜಾತ್ರಾ ಕಮಿಟಿಗಳು ಗಾಡಾ ಕಟ್ಟಿದವರಿಗೂ, ಹಳಿ ಏರಿಸಿದವರಿಗೂ ಒಂದು ಬಹುಮಾನ ಇಡಲಿ. ಅದನ್ನು ವೇಗ ನೋಡಿ ಕೊಡುವುದು ಬೇಡ. ಓಟ ಮುಗಿದಮೇಲೆ ಪಶುವೈದ್ಯರು ಎತ್ತುಗಳ ಹೆಗಲು ಮುಟ್ಟಿ ನೋಡಲಿ. ಬಾವು, ಗಾಯ ಇಲ್ಲದ ಜೋಡಿ ಯಾವ ಗಾಡಾ ಎಳೆಯಿತೋ ಅದರ ಬಡಿಗೇರನಿಗೆ ಸಲ್ಲಲಿ.