ನಂಬಿ ಓಟು ಕೊಟ್ಟಿದ್ದೇವೆ, ಅದಕ್ಕೇ ಕೇಳುತ್ತಿದ್ದೇವೆ: ದಲಿತರ ಹಣಕ್ಕೆ ಕೈ ಹಾಕಬೇಡಿ



2023ರ ಮೇ 13ರಂದು ಬಂದ ವಿಧಾನಸಭಾ ಚುನಾವಣೆಯ ಫಲಿತಾಂಶ ನಮ್ಮದೂ ಹೌದು. 224ರಲ್ಲಿ ಗೆದ್ದ ಪಕ್ಷಕ್ಕೆ ಸಿಕ್ಕ 135 ಸ್ಥಾನಗಳು ಬರೀ ಪೋಸ್ಟರು, ರೋಡ್ ಶೋಗಳಿಂದ ಬಂದವಲ್ಲ. ರಾಜ್ಯದ 15 ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳಲ್ಲಿ ಆಗ ಅಧಿಕಾರದಲ್ಲಿದ್ದ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಅಂಬೇಡ್ಕರ್ ಅವರ ಪರಿನಿಬ್ಬಾಣ ದಿನವಾದ 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಎಷ್ಟೋ ವರ್ಷ ಬಣಬಣವಾಗಿ ಒಡೆದು ಕೂತಿದ್ದ ದಲಿತ ಸಂಘಟನೆಗಳು ಒಂದೇ ವೇದಿಕೆ ಹತ್ತಿದವು. ಕೇರಿಗಳು ಹಾಗೆ ಒಂದಾದದ್ದರಿಂದಲೇ ಈ ಸರ್ಕಾರ ಬಂದಿದೆ. ಆದ್ದರಿಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ನಮಗೆ ವಿಶ್ವಾಸವಿದೆಯೇ ಎಂದು ಯಾರೂ ಕೇಳಬೇಕಿಲ್ಲ. ವಿಶ್ವಾಸವಿದೆ. ಆ ವಿಶ್ವಾಸದಿಂದಲೇ ಕೇಳುತ್ತಿದ್ದೇವೆ: ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆಂದು 2023-24ಕ್ಕೆ ಎತ್ತಿಟ್ಟ ಸುಮಾರು 34 ಸಾವಿರ ಕೋಟಿ ರೂಪಾಯಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಹಣವನ್ನು ಚುನಾವಣೆಯಲ್ಲಿ ಮಾತು ಕೊಟ್ಟ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತಿರುಗಿಸಿದ್ದು ಯಾವ ನ್ಯಾಯ?

ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು! ಈ ಹಣ ಯಾರೋ ದಯೆಯಿಂದ ಕೊಟ್ಟದ್ದಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ ಶೇ 17.15, ಪರಿಶಿಷ್ಟ ಪಂಗಡ ಶೇ 6.95. ಎರಡೂ ಸೇರಿ ಶೇ 24.1. ಅಭಿವೃದ್ಧಿಯ ಹಣದಲ್ಲೂ ಅಷ್ಟೇ ಪಾಲು ಈ ಜನರಿಗಾಗಿ ಪ್ರತ್ಯೇಕವಾಗಿ ಇರಬೇಕು ಎಂಬುದು 2013ರ ಕಾಯ್ದೆ. ಆ ಕಾಯ್ದೆ ತಂದವರು ಇದೇ ಸಿದ್ದರಾಮಯ್ಯನವರು. ಎಪ್ಪತ್ತರ ದಶಕದಿಂದಲೂ ಉಪಯೋಜನೆ ಎಂಬುದು ಕಡತದಲ್ಲಿತ್ತು. ಆದರೆ ವರ್ಷದ ಕೊನೆಗೆ ಹಣ ಖರ್ಚಾಗದೆ ಉಳಿಯುತ್ತಿತ್ತು, ಇಲ್ಲವೇ ಬೇರೆ ಇಲಾಖೆಯ ಪಾಲಾಗುತ್ತಿತ್ತು. ಆ ಸೋರಿಕೆಯನ್ನು ತಡೆಯಬೇಕೆಂದೇ ಕಾಯ್ದೆ ಬಂತು, ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲೇ ಅದಕ್ಕೊಂದು ಪರಿಷತ್ತು ಬಂತು. ದೇಶದಲ್ಲಿ ಆಂಧ್ರದ ನಂತರ ಇಂಥ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಯಾವ ಕೈ ಈ ಬೇಲಿ ಕಟ್ಟಿತೋ ಅದೇ ಕೈ ಇಂದು ಬೇಲಿಯ ಗೂಟ ಕೀಳುತ್ತಿದೆ ಎಂಬುದು ನಮ್ಮ ಸಂಕಟ.

ಗ್ಯಾರಂಟಿಗಳಿಗೆ ನೀವು ವಿರೋಧವೇ ಎಂದು ಕೇಳುವವರಿದ್ದಾರೆ. ಇಲ್ಲ, ನೂರು ಸಲ ಇಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಕೂಲಿಗೆ ಹೋಗುವ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡುತ್ತಿಲ್ಲ. ದಿನಗೂಲಿಯಲ್ಲಿ ಅಷ್ಟು ಉಳಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಅನ್ನಭಾಗ್ಯದ ಅಕ್ಕಿಯನ್ನು ಕೇಂದ್ರ ಕೊಡದೆ ಹೋದಾಗ ಕಿಲೋಗೆ 34 ರೂಪಾಯಿಯಂತೆ ಹಣವನ್ನೇ ಖಾತೆಗೆ ಹಾಕಿದ ಸರ್ಕಾರವನ್ನು ನಾವು ಮನಸಾರೆ ಹೊಗಳಿದ್ದೇವೆ. ದಲಿತರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರ ಜುಲೈನಲ್ಲಿ ತಿದ್ದುಪಡಿ ತಂದು, ಕಳೆದುಕೊಂಡ ಭೂಮಿಯನ್ನು ಕೇಳಲು ಕಾಲಮಿತಿ ಅಡ್ಡ ಬರಬಾರದೆಂದು ಮಾಡಿದ್ದೂ ಇದೇ ಸರ್ಕಾರ. ಹೊಸದಾಗಿ ಗೆದ್ದ ನಾಯಕ ಯಾವುದನ್ನು ಮೊದಲು ಮಾಡಬೇಕು, ಯಾರನ್ನು ಮಂತ್ರಿ ಮಾಡಬೇಕು, ಯಾವ ಯೋಜನೆಗೆ ಎಷ್ಟು ಕೊಡಬೇಕು ಎಂಬುದನ್ನು ಆತನ ವಿವೇಚನೆಗೆ ಬಿಡುವುದೇ ಸರಿ. ಓಟು ಕೊಟ್ಟದ್ದರ ಅರ್ಥವೇ ಅದು. ಹಾಗಾಗಿ ಎಲ್ಲ ತೀರ್ಮಾನಗಳಿಗೂ ನಾವು ಅಡ್ಡ ನಿಲ್ಲುತ್ತಿಲ್ಲ. ನಮ್ಮ ತಕರಾರು ಉಪಯೋಜನೆಯ ಹಣ ತಿರುಗಿಸಿದ ಈ ಒಂದಕ್ಕೆ ಮಾತ್ರ.

ಹಣ ಬೇರೆಲ್ಲಿಗೂ ಹೋಗುತ್ತಿಲ್ಲ, ಗ್ಯಾರಂಟಿ ಪಡೆಯುವ ದಲಿತರಿಗೇ ಸೇರುತ್ತದೆ ಎಂದು ಸರ್ಕಾರ ಹೇಳುತ್ತಿದೆ. ಈ ಉತ್ತರವನ್ನು ನಿಧಾನವಾಗಿ ಬಿಡಿಸಿ ನೋಡಿ. ಊರೊಳಗಿನ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ರಾಜ್ಯದ ಸಾಮಾನ್ಯ ಖಜಾನೆಯಿಂದ. ಕೇರಿಯ ಯಜಮಾನಿಗೆ ಬರುವ ಅದೇ 2,000 ರೂಪಾಯಿ ಅವಳ ಮಗಳ ಹಾಸ್ಟೆಲ್ಲಿಗೆ, ಮಗನ ವಿದ್ಯಾರ್ಥಿವೇತನಕ್ಕೆ, ಗಂಡನ ಹೊಲಕ್ಕೆ ಗಂಗಾ ಕಲ್ಯಾಣದ ಕೊಳವೆಬಾವಿಗೆ ಎಂದು ಎತ್ತಿಟ್ಟಿದ್ದ ಹಣದಿಂದ. ಒಬ್ಬಳಿಗೆ ಅದು ಹೆಚ್ಚಿನ ಆದಾಯ, ಇನ್ನೊಬ್ಬಳಿಗೆ ತನ್ನದೇ ಗಂಟಿನಿಂದ ತೆಗೆದು ತನಗೇ ಕೊಟ್ಟ ಹಣ. ಸಾಮಾನ್ಯ ಖಜಾನೆಗೆ ದಲಿತರೇನು ತೆರಿಗೆ ಕಟ್ಟುವುದಿಲ್ಲವೇ? ಸೋಪು, ಎಣ್ಣೆ, ಬಟ್ಟೆ ಕೊಂಡಾಗೆಲ್ಲ ಕಟ್ಟುತ್ತಾರೆ, ಅಬಕಾರಿಯಲ್ಲಂತೂ ಕಟ್ಟೇ ಕಟ್ಟುತ್ತಾರೆ. ಎಲ್ಲ ಜಾತಿಯ ಬಡವರಿಗೂ ಎಂದು ಸಾರಿದ ಗ್ಯಾರಂಟಿಯ ಬಿಲ್ಲನ್ನು ಜಾತಿ ನೋಡಿ ಪಾವತಿಸುವುದಾದರೆ ಆ ಯೋಜನೆಯೊಳಗೂ ಊರು ಬೇರೆ, ಕೇರಿ ಬೇರೆ ಎಂದಾಯಿತಲ್ಲ! 52 ಸಾವಿರ ಕೋಟಿಯ ವಾರ್ಷಿಕ ಗ್ಯಾರಂಟಿಗೆ 2023-24ರ 3.27 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಬೇರೆಲ್ಲೂ ಹಣ ಸಿಗದೆ, ಸಾವಿರಾರು ವರ್ಷ ಎಲ್ಲವನ್ನೂ ಕಳೆದುಕೊಂಡವರಿಂದಲೇ ಮತ್ತೆ ಕಿತ್ತುಕೊಳ್ಳಬೇಕಾಯಿತೇ?

ಉಪಯೋಜನೆಯ ಉದ್ದೇಶವೇ ಅಂತರ ಕಡಿಮೆ ಮಾಡುವುದು. ಎಲ್ಲರಿಗೂ ಸಿಗುವುದರ ಮೇಲೆ, ಹಿಂದೆ ಬಿದ್ದವರಿಗೆ ಇನ್ನಷ್ಟು ಸಿಕ್ಕಾಗ ಮಾತ್ರ ಅಂತರ ತಗ್ಗುತ್ತದೆ. ಎಲ್ಲರಿಗೂ ಸಿಗುವುದನ್ನೇ ಆ ಹೆಚ್ಚುವರಿಯ ಲೆಕ್ಕಕ್ಕೆ ಬರೆದುಕೊಂಡರೆ ಅಂತರ ಇದ್ದಲ್ಲೇ ಇರುತ್ತದೆ. ಒಂದು ವಸತಿ ಶಾಲೆ ಕಟ್ಟಿದರೆ ಮೂವತ್ತು ವರ್ಷ ಮಕ್ಕಳು ಓದುತ್ತಾರೆ. ಭೂ ಒಡೆತನ ಯೋಜನೆಯಲ್ಲಿ ಕೊಂಡ ಒಂದೆಕರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ತಿಂಗಳ ಕಂತಿನಿಂದ ಹೊಟ್ಟೆ ತುಂಬುತ್ತದೆ, ಅದೂ ಬೇಕು. ಆದರೆ ಭೂಮಿಯ ದುಡ್ಡು ತೆಗೆದು ಊಟಕ್ಕೆ ಹಾಕಿದರೆ ಭೂಮಿ ಯಾವ ಕಾಲಕ್ಕೆ ಬಂದೀತು?

ಈಗ ವಿರೋಧ ಪಕ್ಷದವರು ದಲಿತರ ಹಣ ಲೂಟಿಯಾಯಿತೆಂದು ಎದೆ ಬಡಿದುಕೊಳ್ಳುತ್ತಿದ್ದಾರೆ. ಇವರ ಕಣ್ಣೀರು ನಮಗೆ ಬೇಡ. ಅಧಿಕಾರದಲ್ಲಿದ್ದಾಗ ಇದೇ ಕಾಯ್ದೆಯ 7(ಡಿ) ಕಲಮನ್ನು ಹಿಡಿದು ರಸ್ತೆ, ನೀರಾವರಿ ಕಾಮಗಾರಿಗಳಿಗೆ ಈ ಹಣವನ್ನೇ ತೋರಿಸಿದವರು ಇವರು. ಎಲ್ಲರೂ ಓಡಾಡುವ ರಸ್ತೆಯಲ್ಲಿ ದಲಿತರೂ ನಡೆಯುತ್ತಾರೆ ಎಂಬುದು ಆಗ ಇವರ ವಾದ. ಒಳಮೀಸಲಾತಿಯ ಹೆಸರಿನಲ್ಲಿ ಎಡಗೈ-ಬಲಗೈ ಎಂದು ನಮ್ಮನ್ನು ಎದುರುಬದುರು ನಿಲ್ಲಿಸಿ ಓಟಿನ ಲೆಕ್ಕ ಹಾಕಿದ್ದನ್ನೂ ನಾವು ಮರೆತಿಲ್ಲ. 7(ಡಿ) ತೆಗೆದುಹಾಕುವುದಾಗಿ 2023ರ ಜುಲೈ 7ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರು ಘೋಷಿಸಿದಾಗ ಈ ಮಹನೀಯರಲ್ಲಿ ಎಷ್ಟು ಮಂದಿ ಎದ್ದು ನಿಂತು ಸ್ವಾಗತಿಸಿದರು? ಆದರೆ 7(ಡಿ) ಹೋಗಿ 7(ಸಿ) ಉಳಿದರೆ, ಸಾಮಾನ್ಯ ಯೋಜನೆಯಲ್ಲಿ ದಲಿತರಿಗೆ ಸಿಕ್ಕ ಪಾಲನ್ನೂ ಈ ಹಣದಲ್ಲೇ ತೋರಿಸುವ ದಾರಿ ಉಳಿದಂತೆಯೇ. ಅದನ್ನೂ ನಾವು ಇವತ್ತೇ ಹೇಳಬೇಕು.

ಸರ್ಕಾರ ಬಂದು ಮೂರು ತಿಂಗಳಾಗಿಲ್ಲ, ಸ್ವಲ್ಪ ತಾಳಿ ಎಂದು 2023ರಲ್ಲಿ ನಮ್ಮವರೇ ಕೆಲವರು ಬುದ್ಧಿ ಹೇಳಿದರು. ನಿಗಮ ಮಂಡಳಿಯ ಕುರ್ಚಿಗಾಗಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರ ಬುದ್ಧಿಮಾತು ನಮಗೆ ಬೇಕಿಲ್ಲ. ಬಜೆಟ್ಟು ತಾಳುತ್ತದೆಯೇ? ಮಾರ್ಚ್ ಬಂದರೆ ಆ ವರ್ಷದ ಹಣ ಖರ್ಚಾಗಿ, ಲೆಕ್ಕ ಮುಗಿದಿರುತ್ತದೆ. ಒಂದು ಸಲ ಹೀಗೆ ನಡೆದು ಯಾರೂ ಸೊಲ್ಲೆತ್ತದಿದ್ದರೆ ಮುಂದಿನ ವರ್ಷ ಅದೇ ರೂಢಿಯಾಗುತ್ತದೆ, ನಾಳೆ ಬರುವ ಯಾವ ಸರ್ಕಾರವಾದರೂ ಸಿದ್ದರಾಮಯ್ಯನವರೇ ಮಾಡಿದ್ದರಲ್ಲ ಎಂದು ತೋರಿಸಿ ಉಳಿದ ಎರಡು ಪಾಲಿಗೂ ಕೈ ಹಾಕುತ್ತದೆ. ಮಾತಾಡಿದರೆ ಕೋಮುವಾದಿಗಳಿಗೆ ಬಲ ಬರುತ್ತದೆ ಎಂಬ ಹೆದರಿಕೆಯನ್ನೂ ತೋರಿಸುತ್ತಾರೆ. ಕೇರಿ ಮುನಿಸಿಕೊಂಡು ಮುಂದಿನ ಚುನಾವಣೆಯಲ್ಲಿ ಮನೆಯಲ್ಲೇ ಕೂತರೆ ಯಾರಿಗೆ ಬಲ ಬರುತ್ತದೆ ಎಂಬುದನ್ನು ಅವರೇ ಯೋಚಿಸಲಿ.

ನಂಬಿದ ನಾಯಕನಿಗೆ ಎದುರು ಮಾತಾಡಿದರೆ ಆತ ಬಿದ್ದುಹೋಗುತ್ತಾನೆ ಎಂಬುದಕ್ಕೆ ಈ ನಾಡಿನ ಚರಿತ್ರೆಯಲ್ಲಿ ಆಧಾರವಿಲ್ಲ. ಎಪ್ಪತ್ತರ ದಶಕದ ಮುಖ್ಯಮಂತ್ರಿ ದೇವರಾಜ ಅರಸು ಅವರನ್ನು ದಲಿತರು, ಹಿಂದುಳಿದವರು ನಂಬಿದಷ್ಟು ಬೇರೆ ಯಾರನ್ನು ನಂಬಿದ್ದರು? 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅರಸು ಸಂಪುಟದ ದಲಿತ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' (ದನದ ಮೇವಿನ ಹೊಟ್ಟು) ಎಂಬ ಮಾತಿಗೆ ರಾಜ್ಯವೆಲ್ಲ ಗಲಾಟೆ ಎದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ, ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅರಸು ನಮ್ಮವರಲ್ಲವೇ, ಅವರ ಸಂಪುಟದ ವಿಷಯ ನಮಗೇಕೆ ಎಂದು ಆಗಿನ ದಲಿತ ಯುವಕರು ಬಾಯಿ ಮುಚ್ಚಿ ಕೂರಲಿಲ್ಲ. ಬೀದಿಗಿಳಿದರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಸಿಟ್ಟಿನಿಂದ. ಅದರಿಂದ ಅರಸು ಸರ್ಕಾರ ಉರುಳಲಿಲ್ಲ. 1974ರಲ್ಲಿ ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಬಂತು, 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕೆಳಗಿನಿಂದ ಒತ್ತಡ ಬಂದಾಗ, ಮೇಲೆ ಕುಳಿತ ಒಳ್ಳೆಯ ನಾಯಕನಿಗೆ ತನ್ನ ಸುತ್ತಲಿನ ಬಲಾಢ್ಯರನ್ನು ಎದುರಿಸುವ ಧೈರ್ಯ ಬರುತ್ತದೆ. ಗ್ಯಾರಂಟಿಗೆ ಬೇರೆ ಕಡೆಯಿಂದ ಹಣ ತನ್ನಿ ಎಂದು ನಾವು ಒತ್ತಾಯಿಸದಿದ್ದರೆ, ಉಳ್ಳವರ ಒತ್ತಡವನ್ನು ಸಿದ್ದರಾಮಯ್ಯನವರು ಯಾರ ಬಲದ ಮೇಲೆ ತಳ್ಳಿಹಾಕಬೇಕು?

ಹಣಕಾಸು ಖಾತೆ ಮುಖ್ಯಮಂತ್ರಿಗಳ ಬಳಿಯೇ ಇದೆ, ಉಪಯೋಜನೆಯ ಪರಿಷತ್ತಿಗೂ ಅವರೇ ಅಧ್ಯಕ್ಷರು. ಮನಸ್ಸು ಮಾಡಿದರೆ ಈ ಹಣ ತನ್ನ ಜಾಗಕ್ಕೆ ಮರಳುವುದು ಕಷ್ಟವಲ್ಲ. ದಾರಿ ಯಾವುದೆಂದು ಅವರೇ ಹುಡುಕಲಿ, 2023ಕ್ಕೇ 14 ಬಜೆಟ್ ಮಂಡಿಸಿದ್ದವರಿಗೆ ನಾವು ಲೆಕ್ಕ ಕಲಿಸಬೇಕಿಲ್ಲ. ಆದರೆ ಗೃಹಲಕ್ಷ್ಮಿಯ ಮೊದಲ ಕಂತು 2023ರಲ್ಲೇ ಖಾತೆಗಳಿಗೆ ಬಿದ್ದಿದೆ. ಇನ್ನಾದರೂ ನಮ್ಮ ದನಿ ವಿಧಾನಸೌಧಕ್ಕೆ ಕೇಳಿಸಬೇಕು.

ಪರಿಶಿಷ್ಟ ಜಾತಿಗೆ 36, ಪಂಗಡಕ್ಕೆ 15, ಒಟ್ಟು 51 ಮೀಸಲು ಕ್ಷೇತ್ರಗಳ ಶಾಸಕರು ಈ ಬಗ್ಗೆ ಸದನದಲ್ಲಿ ಏನು ಹೇಳಿದರು? ನಿಮ್ಮ ಕ್ಷೇತ್ರದ ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಈ ಪ್ರಶ್ನೆ ಕೇಳಿ. ಈ ಕರಪತ್ರವನ್ನು ಓದಿ ಮಡಿಚಿಡಬೇಡಿ. ಹಾಸ್ಟೆಲ್ಲಿನ ಹುಡುಗ ಹುಡುಗಿಯರ ಕೈಗೆ ಕೊಡಿ, ಓದು ಬಾರದ ಅವ್ವಂದಿರಿಗೆ ಓದಿ ಹೇಳಿ. ಅವರ ಖಾತೆಗೆ ಬರುವ 2,000 ರೂಪಾಯಿ ಅವರ ಹಕ್ಕು. ಅದನ್ನು ಅವರ ಮಕ್ಕಳ ಪಾಲಿನಿಂದ ತೆಗೆದು ಕೊಡುತ್ತಿರುವುದೂ ಅವರಿಗೆ ತಿಳಿಯಲಿ.